ಉತ್ತರ ಸರಿ, ಲೆಕ್ಕ ಮಾಡಿದ್ದು ಯಾರು?

ಮನೆಯಲ್ಲಿ ಹತ್ತನೇ ತರಗತಿಯ ಮಗುವೊಂದಿದ್ದರೆ ವರ್ಷವಿಡೀ ಮನೆಮಂದಿಗೆಲ್ಲ ಪರೀಕ್ಷೆ. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮದುವೆ ಮುಂಜಿಗೆ ಹೋಗುವಂತಿಲ್ಲ, ಟೀವಿಯ ಸದ್ದು ಏರುವಂತಿಲ್ಲ, ನೆಂಟರು ಬಂದರೆ "ಇನ್ನೆರಡು ದಿನ ಇದ್ದು ಹೋಗಿ" ಎನ್ನಲು ಬಾಯಿ ಬರುವುದಿಲ್ಲ. ಅದರಲ್ಲೂ ಗಣಿತ ಎಂದರೆ ತಾಯಂದಿರ ಎದೆ ಡವಡವ. ಕನ್ನಡ, ಸಮಾಜವಾದರೆ ಪುಸ್ತಕ ಹಿಡಿದು ಪ್ರಶ್ನೆ ಕೇಳಿ ಪಾಠ ಒಪ್ಪಿಸಿಕೊಳ್ಳಬಹುದು. ಗಣಿತ ಬಂತೆಂದರೆ ನಮ್ಮಂಥವರು "ನಿಮ್ಮಪ್ಪನ್ನ ಕೇಳು ಹೋಗು" ಎಂದು ಹೇಳಿ ಒಗ್ಗರಣೆ ಹಾಕಲು ಅಡುಗೆಮನೆ ಸೇರಿಬಿಡುತ್ತೇವೆ.

ಈಗ ಅಪ್ಪನನ್ನು ಕೇಳುವ ಕಾಲವೂ ಹೋಯಿತು ನೋಡಿ. ಫೋನನ್ನು ಕೇಳುವ ಕಾಲ ಬಂದಿದೆ. ಪುಸ್ತಕದಲ್ಲಿರುವ ಲೆಕ್ಕದ ಒಂದು ಫೋಟೋ ತೆಗೆದರಾಯಿತು, ಒಲೆಯ ಮೇಲಿಟ್ಟ ಹಾಲು ಉಕ್ಕಿ ಬರುವಷ್ಟರೊಳಗೆ ಉತ್ತರ ಸಿದ್ಧ. ಬರೀ ಉತ್ತರವಲ್ಲ, ಹಂತ ಹಂತವಾಗಿ ಬಿಡಿಸಿದ ಲೆಕ್ಕ. ಕನ್ನಡದಲ್ಲಿ ಹೇಳು ಎಂದರೆ ಕನ್ನಡದಲ್ಲೇ ಹೇಳುತ್ತದೆ. ಅರ್ಥವಾಗಲಿಲ್ಲ ಎಂದರೆ ಸಿಡುಕದೆ ಮತ್ತೆ ಹೇಳುತ್ತದೆ. ನಿಮ್ಮ ಮನೆಗೂ ಇದು ಬಂದಿರಲೇಬೇಕು. ಬಂದಿಲ್ಲವೆಂದು ನೀವು ಅಂದುಕೊಂಡಿದ್ದರೆ ಮಗನನ್ನೋ ಮಗಳನ್ನೋ ಒಮ್ಮೆ ಮೆಲ್ಲಗೆ ಕೇಳಿ ನೋಡಿ!

ನಾವಿರುವುದು ತಿಪಟೂರಿನಲ್ಲಿ. ನಮ್ಮ ಯಜಮಾನರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ತೂಕ, ದರ, ಕೂಲಿ ಎಲ್ಲ ಕೂಡಿ ಕಳೆದು ಬಾಯಲ್ಲೇ ಹೇಳಿಬಿಡುವವರು. ಆದರೂ ಮಗಳ ಪುಸ್ತಕದ ವರ್ಗ ಸಮೀಕರಣ ಕಂಡರೆ ಅವರೂ ಕನ್ನಡಕ ತೆಗೆದು ಒರೆಸುತ್ತಾ ಕೂತುಬಿಡುತ್ತಾರೆ. ಇನ್ನು ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಗಣಿತದಲ್ಲಿ ಬಂದ ಅಂಕ ಎಷ್ಟೆಂದು ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ! ಹಾಗಾಗಿ ಕಳೆದ ವರ್ಷ ಮಗಳು ಹತ್ತನೇ ತರಗತಿಗೆ ಬಂದಾಗ, ಟ್ಯೂಷನ್ನಿನ ದುಡ್ಡು ಉಳಿಸುವ ಇಂಥದೊಂದು ಫೋನಿನಲ್ಲೇ ಇದೆ ಎಂದು ತಿಳಿದು ಮನೆಮಂದಿಗೆಲ್ಲ ಹಿಗ್ಗೇ ಆಯಿತು.

ಇದಕ್ಕೆ ಪತ್ರಿಕೆಯವರು ಕೃತಕ ಬುದ್ಧಿಮತ್ತೆ ಎನ್ನುತ್ತಾರೆ, ಮಕ್ಕಳು ಎಐ ಎನ್ನುತ್ತಾರೆ. 2022ರ ನವೆಂಬರ್ 30ರಂದು ಅಮೆರಿಕದ ಓಪನ್‌ಎಐ ಎಂಬ ಕಂಪನಿ ಚಾಟ್‌ಜಿಪಿಟಿಯನ್ನು ಜನರ ಮುಂದಿಟ್ಟ ಮೇಲೆ ಇದರ ಹೆಸರು ಊರೂರಿಗೂ ಹಬ್ಬಿತು. ಆಮೇಲೆ ಬೇರೆ ಕಂಪನಿಗಳವೂ ಬಂದವು. ಇದು ಕೆಲಸ ಮಾಡುವ ಬಗೆಯನ್ನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಮ್ಮ ಹೀಗೆ ವಿವರಿಸಿದ. "ಅಕ್ಕಾ, ನಿಮ್ಮ ಭಜನಾ ಮಂಡಳಿಯಲ್ಲಿ ವರ್ಷಗಟ್ಟಲೆ ಕೂತವರಿಗೆ ಯಾರಾದರೂ ಮೊದಲ ಸಾಲು ಎತ್ತಿದರೆ ಮುಂದಿನ ಸಾಲು ತಾನಾಗಿ ಬಾಯಿಗೆ ಬರುತ್ತಲ್ಲ, ಹಾಗೆ. ಇದಕ್ಕೆ ಕೋಟಿಗಟ್ಟಲೆ ಪುಟ ಓದಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರಬಹುದು ಎಂದು ಊಹಿಸುವುದನ್ನು ಕಲಿಸಿದ್ದಾರೆ."

ಇದರಿಂದಲೇ ಮೊದಮೊದಲು ಇದು ಸಣ್ಣ ಲೆಕ್ಕದಲ್ಲೂ ಎಡವುತ್ತಿತ್ತಂತೆ. ಅಂಗಡಿಯ ಕ್ಯಾಲ್ಕುಲೇಟರ್ ಎಣಿಸಿ ಹೇಳುತ್ತದೆ, ಇದು ಊಹಿಸಿ ಹೇಳುತ್ತಿತ್ತು. ತಪ್ಪು ಹೇಳುವಾಗಲೂ ಅಳುಕಿಲ್ಲ, ಬಲು ಧೈರ್ಯ. ಈಚೆಗೆ ಒಂದೊಂದೇ ಹಂತ ಯೋಚಿಸಿ ಹೇಳುವಂತೆ ತಿದ್ದಿದ್ದಾರೆ. ತಪ್ಪು ಬಹಳ ಕಡಿಮೆಯಾಗಿದೆ, ಆದರೆ ಪೂರ್ತಿ ಹೋಗಿಲ್ಲ.

ಜೂನ್, ಜುಲೈ ತಿಂಗಳಲ್ಲಿ ಮಗಳ ಹೋಂವರ್ಕ್ ಪುಸ್ತಕ ನೋಡಿದ್ದರೆ ನಿಮಗೂ ಸಂತೋಷವಾಗುತ್ತಿತ್ತು. ಪುಟ ತಿರುವಿದಷ್ಟೂ ಕೆಂಪು ಶಾಯಿಯ ಸರಿ ಗುರುತು. ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಆಮೇಲೆ ಶಾಲೆಯಲ್ಲಿ 20 ಅಂಕದ ಕಿರುಪರೀಕ್ಷೆ ಆಯಿತು. ನಮ್ಮ ಹುಡುಗಿಗೆ ಬಂದದ್ದು 6.

ಆ ಸಂಜೆ ಅವಳು ಊಟ ಮಾಡಲಿಲ್ಲ. ಬಾಗಿಲ ಹಿಂದೆ ಕೂತು ಅತ್ತಳು. "ಮನೇಲಿ ಎಲ್ಲ ಗೊತ್ತಿತ್ತಮ್ಮ. ಅಲ್ಲಿ ಪ್ರಶ್ನೆಪತ್ರಿಕೆ ನೋಡ್ತಿದ್ದ ಹಾಗೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ತಿಳೀಲಿಲ್ಲ" ಎಂದಳು. ಸೋಮಾರಿ ಹುಡುಗಿಯಲ್ಲ, ಕದ್ದು ಬರೆಯುವ ಜಾತಿಯಲ್ಲ. ಫೋನು ತೋರಿಸಿದ ಪ್ರತಿ ಹಂತವನ್ನೂ ಓದಿ, ಹೌದು ಹೌದು ಎಂದು ತಲೆಯಾಡಿಸಿ, ಅಚ್ಚುಕಟ್ಟಾಗಿ ಬರೆದುಕೊಂಡಿದ್ದಳು. ಓದಿದಾಗ ತಿಳಿದಿತ್ತು. ಅದಕ್ಕೇ ಅವಳಿಗೆ ಅಷ್ಟು ದಿಗ್ಭ್ರಮೆ.

ಮರುದಿನ ಶಾಲೆಗೆ ಹೋಗಿ ಗಣಿತದ ಮೇಡಂ ಅವರನ್ನು ಕಂಡೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಿಮ್ಮ ಮಗಳೊಬ್ಬಳೇ ಅಲ್ಲ ಕಣ್ರೀ. ಅರ್ಧ ಕ್ಲಾಸಿನದ್ದು ಇದೇ ಕತೆ. ಹೋಂವರ್ಕ್ ನೋಡಿದ್ರೆ ಎಲ್ಲರೂ ರಾಮಾನುಜನ್ನುಗಳೇ. ಬೋರ್ಡಿಗೆ ಕರೆದರೆ ಸೀಮೆಸುಣ್ಣ ಹಿಡಿದು ನಿಂತುಬಿಡ್ತಾರೆ" ಎಂದರು. ಅವರೂ ಪಾಠದ ದಾರಿ ಬದಲಾಯಿಸಿದ್ದಾರಂತೆ. ಮನೆಯಲ್ಲಿ ಮಾಡಿ ತಂದ ಲೆಕ್ಕಕ್ಕೆ ಈಗ ಅವರ ಲೆಕ್ಕದಲ್ಲಿ ಬೆಲೆ ಕಡಿಮೆ. ಕ್ಲಾಸಿನಲ್ಲೇ ಲೆಕ್ಕ ಕೊಡುತ್ತಾರೆ, ಮಾಡಿದ್ದನ್ನು ಬಾಯಿಬಿಟ್ಟು ವಿವರಿಸು ಎನ್ನುತ್ತಾರೆ. ಕೆಲವು ಸಲ ತಾವೇ ಬೇಕೆಂದು ತಪ್ಪಾಗಿ ಬಿಡಿಸಿದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು "ಎಲ್ಲಿ ಹಾದಿ ತಪ್ಪಿದೆ ಹುಡುಕಿ" ಎನ್ನುತ್ತಾರೆ. ಉತ್ತರ ಯಾರು ಬೇಕಾದರೂ ಕೊಡುವ ಕಾಲದಲ್ಲಿ ತಪ್ಪು ಹಿಡಿಯುವುದನ್ನೇ ಕಲಿಸಬೇಕು ಎನ್ನುವುದು ಅವರ ಮಾತು. ನನಗೆ ಸರಿಯೆನಿಸಿತು.

ತಮ್ಮನಿಗೆ ಫೋನ್ ಮಾಡಿ ಇದನ್ನು ಹೇಳಿದರೆ ಅವನು ಟರ್ಕಿ ದೇಶದ ಕತೆ ತೆಗೆದ. ನಮ್ಮ ತಿಪಟೂರಿಗೂ ಟರ್ಕಿಗೂ ಎಲ್ಲಿಯ ನಂಟು ಎನ್ನಬೇಡಿ, ಕೇಳಿ. 2023ರಲ್ಲಿ ಅಲ್ಲಿನ ಹೈಸ್ಕೂಲಿನ ಸುಮಾರು ಒಂದು ಸಾವಿರ ಮಕ್ಕಳನ್ನು ತೆಗೆದುಕೊಂಡು, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹಂಸಾ ಬಸ್ತಾನಿ ಎಂಬ ವಿದ್ವಾಂಸೆ ಮತ್ತು ಅವರ ಸಂಗಡಿಗರು ಗಣಿತ ಕಲಿಕೆಯ ಒಂದು ಪ್ರಯೋಗ ಮಾಡಿದರು. ಮಕ್ಕಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಎಂದಿನಂತೆ ಪುಸ್ತಕ, ನೋಟ್ಸು ಅಷ್ಟೇ. ಎರಡನೆಯ ಗುಂಪಿಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐ. ಮೂರನೆಯ ಗುಂಪಿಗೂ ಎಐ ಕೊಟ್ಟರು, ಆದರೆ ಅದು ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಉಪಾಧ್ಯಾಯರ ಸಹಾಯದಿಂದ ಕಟ್ಟುಪಾಡು ಹಾಕಿದ್ದರು.

ಅಭ್ಯಾಸದ ಹೊತ್ತಿನಲ್ಲಿ ಎರಡನೆಯ ಗುಂಪಿನವರು ಮೊದಲನೆಯವರಿಗಿಂತ ಶೇಕಡಾ 48ರಷ್ಟು ಚೆನ್ನಾಗಿ ಮಾಡಿದರು. ಮೂರನೆಯವರು ಶೇಕಡಾ 127ರಷ್ಟು! ಆಮೇಲೆ ಎಲ್ಲವನ್ನೂ ಕಿತ್ತುಕೊಂಡು ಬರೀ ಕೈಯಲ್ಲಿ ಪರೀಕ್ಷೆಗೆ ಕೂರಿಸಿದರು. ಆಗ ನೋಡಿ, ಸುಲಭದ ಉತ್ತರ ಪಡೆದಿದ್ದ ಎರಡನೆಯ ಗುಂಪಿನವರು, ಎಐ ಮುಖವನ್ನೇ ನೋಡದ ಮೊದಲನೆಯ ಗುಂಪಿನವರಿಗಿಂತ ಶೇಕಡಾ 17ರಷ್ಟು ಹಿಂದೆ ಬಿದ್ದರು. ಸುಳಿವು ಪಡೆದವರಿಗೆ ಅಂಥ ನಷ್ಟವೇನೂ ಆಗಲಿಲ್ಲ. ಹಿಂದೆ ಬಿದ್ದ ಮಕ್ಕಳಿಗೆ ತಾವು ಕಡಿಮೆ ಕಲಿತಿದ್ದೇವೆ ಎಂಬ ಅನುಮಾನವೇ ಇರಲಿಲ್ಲ ಎಂಬುದು ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು. ಈ ಅಧ್ಯಯನ 2025ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಗಿದೆ.

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಇದು ಮೈಸೂರು ಪಾಕಿನ ವಿಷಯ. ಬೇಕರಿಯಿಂದ ತಂದ ಮೈಸೂರು ಪಾಕನ್ನು ನೂರು ಸಲ ತಿಂದರೂ ಪಾಕದ ಹದ ಕೈಗೆ ಬರುತ್ತದೆಯೇ? ಮಾಡುವ ವಿಧಾನವನ್ನು ಇದೇ ಪತ್ರಿಕೆಯಲ್ಲಿ ಹತ್ತು ಸಲ ಓದಿದರೂ ಒಂದೆಳೆ ಪಾಕ ಯಾವುದೆಂದು ಬೆರಳಿಗೆ ತಿಳಿಯಬೇಕಾದರೆ ಒಮ್ಮೆ ಪಾಕ ಗಟ್ಟಿಯಾಗಬೇಕು, ಒಮ್ಮೆ ತೆಳ್ಳಗಾಗಬೇಕು, ಒಮ್ಮೆ ಬಾಣಲೆ ತಳ ಹಿಡಿಯಬೇಕು. ಲೆಕ್ಕವೂ ಹಾಗೆಯೇ. ಬೇರೆಯವರು ಬಿಡಿಸಿದ್ದನ್ನು ಓದಿ ತಿಳಿಯುವುದು ತಿಂದು ರುಚಿ ತಿಳಿದ ಹಾಗೆ. ತಾನೇ ತಡವರಿಸಿ ಬಿಡಿಸಿದ್ದು ಹದ ತಿಳಿದ ಹಾಗೆ. ಪರೀಕ್ಷೆಯಲ್ಲಿ ಕೇಳುವುದು ರುಚಿಯನ್ನಲ್ಲ, ಹದವನ್ನು.

ಇಷ್ಟು ಹೇಳಿದರೆ ಮಗಳು ಸುಮ್ಮನಾಗುತ್ತಾಳೆಂದು ನೀವು ತಿಳಿದಿರೇನೋ. ಈಗಿನ ಮಕ್ಕಳಲ್ಲವೇ! "ಅಮ್ಮಾ, ಪ್ರಪಂಚದ ಮಕ್ಕಳೆಲ್ಲ ಸೇರುವ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಲೆಕ್ಕಗಳನ್ನೇ ಎಐ ಬಿಡಿಸಿದೆಯಂತೆ. ನಾನ್ಯಾಕೆ ಒದ್ದಾಡಿ ಕಲೀಬೇಕು? ಮುಂದೆ ಹೆಂಗೂ ಅದೇ ಮಾಡುತ್ತೆ" ಎಂದಳು.

ಅವಳ ಮಾತು ಸುಳ್ಳಲ್ಲ. 2025ರ ಜುಲೈನಲ್ಲಿ ಆಸ್ಟ್ರೇಲಿಯಾದಲ್ಲಿ ಆ ಒಲಿಂಪಿಯಾಡ್ ನಡೆದಾಗ, ಮಕ್ಕಳಿಗೆ ಕೊಟ್ಟಿದ್ದ ಆರು ಲೆಕ್ಕಗಳಲ್ಲಿ ಐದನ್ನು ಗೂಗಲ್‌ನವರ ಎಐ ಪೂರ್ತಿ ಬಿಡಿಸಿತು. 42ಕ್ಕೆ 35 ಅಂಕ. ಚಿನ್ನದ ಪದಕ ಪಡೆಯುವ ಮಕ್ಕಳ ಮಟ್ಟ ಅದು. ಹಿಂದಿನ ವರ್ಷ 28 ಅಂಕದೊಂದಿಗೆ ಬೆಳ್ಳಿಯ ಮಟ್ಟದಲ್ಲಿತ್ತು. ಹಾಗಾಗಿ "ಆ ಯಂತ್ರಕ್ಕೇನು ಬರುತ್ತೆ ಬಿಡು" ಎಂದು ನಾವು ಮಕ್ಕಳಿಗೆ ಹೇಳುವಂತಿಲ್ಲ. ಹೇಳಿದರೆ ನಗುತ್ತಾರೆ.

ಇಲ್ಲಿ ನನಗೆ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಶಕುಂತಲಾ ದೇವಿಯವರ ನೆನಪಾಯಿತು. 1977ರಲ್ಲಿ ಅವರು ಅಮೆರಿಕದಲ್ಲಿ 201 ಅಂಕಿಗಳ ಒಂದು ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿ ಅಂದಿನ ಕಂಪ್ಯೂಟರನ್ನೇ ಹಿಂದೆ ಹಾಕಿದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿದರು. ಇಂದು ಆ ಗುಣಾಕಾರವನ್ನು ಅಗ್ಗದ ಫೋನೂ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ಹಾಗೆಂದು ಶಕುಂತಲಾ ದೇವಿಯವರ ಬುದ್ಧಿ ವ್ಯರ್ಥವಾಯಿತೇ? ಅವರು ಸಂಖ್ಯೆಗಳ ಜೊತೆ ಆಟವಾಡಿದರು, ಜನರಿಗಾಗಿ ಒಗಟಿನ ಪುಸ್ತಕಗಳನ್ನು ಬರೆದರು. ಉತ್ತರ ಫೋನಿಗೆ ಸಿಗಬಹುದು, ಆಟದ ಖುಷಿ ಆಡಿದವರಿಗೆ ಮಾತ್ರ.

ಆದರೆ ಹದಿನೈದು ವರ್ಷದ ಹುಡುಗಿಗೆ ಇಂಥ ದೊಡ್ಡ ಮಾತು ಹಿಡಿಸುವುದಿಲ್ಲ. ಅವಳಿಗೆ ಹಿಡಿಸಿದ್ದು ರಂಗೋಲಿ.

ಧನುರ್ಮಾಸದಲ್ಲಿ ನಮ್ಮ ಬೀದಿಯಲ್ಲಿ ಪೈಪೋಟಿಯ ಮೇಲೆ ದೊಡ್ಡ ರಂಗೋಲಿ ಹಾಕುತ್ತೇವೆ. ಹದಿನೈದರಿಂದ ಒಂದಕ್ಕೆ ನೇರ ಚುಕ್ಕಿ ಇಡಬೇಕಿತ್ತು. ಮಧ್ಯದ ಸಾಲಿನಲ್ಲಿ 15 ಚುಕ್ಕಿ, ಅದರ ಮೇಲೂ ಕೆಳಗೂ 13, 11, 9 ಹೀಗೆ ಇಳಿಯುತ್ತಾ 1ಕ್ಕೆ ಬರುವುದು, ನಿಮಗೆ ತಿಳಿದದ್ದೇ. ಮಗಳು ಆಗ ಸಮಾಂತರ ಶ್ರೇಢಿಯ ಪಾಠವನ್ನು ತಿರುಗಿ ಓದುತ್ತಿದ್ದಳು. ಅಂದರೆ 1, 3, 5, 7 ಎಂದು ಒಂದೇ ಅಂತರದಲ್ಲಿ ಏರುವ ಸಂಖ್ಯೆಗಳ ಪಾಠ. "ಇದರಲ್ಲಿ ಒಟ್ಟು ಎಷ್ಟು ಚುಕ್ಕಿ ಹೇಳು ನೋಡೋಣ" ಎಂದೆ. ಫೋನು ತೆಗೆದಳು, ಕೇಳಿದಳು, "113" ಎಂದಳು. "ಹೆಂಗೆ ಬಂತು?" ಎಂದೆ. ಫೋನಿನಲ್ಲಿದ್ದ ಸೂತ್ರ ಓದಿದಳು. "ಅದು ಸರಿ. ಆ ಸೂತ್ರ ಹೆಂಗೆ ಬಂತು?" ಎಂದೆ. ಸುಮ್ಮನಾದಳು.

ಫೋನು ಒಳಗಿಟ್ಟು ಬಾ ಎಂದು ಹೇಳಿ ಹಜಾರದ ನೆಲದ ಮೇಲೆ ಚಿಕ್ಕದೊಂದು ಚುಕ್ಕಿ ಇಡಿಸಿದೆ. ಐದರಿಂದ ಒಂದಕ್ಕೆ. 1, 3, 5, 3, 1. ಎಣಿಸಿದಳು, 13. ಬಿಳಿ ಪುಡಿ ಜೊತೆಗೆ ಕೆಂಪು ಪುಡಿಯೂ ಇತ್ತು. ಚೆಂದ ಕಾಣಲಿ ಎಂದು ಪ್ರತಿ ಸಾಲನ್ನೂ ಬಿಳಿಯಿಂದ ಶುರು ಮಾಡಿ, ಒಂದು ಬಿಳಿ ಒಂದು ಕೆಂಪು ಎಂದು ಬಣ್ಣ ಹಾಕಿದೆವು. ಮುಗಿದ ಮೇಲೆ ಅವಳು ಕತ್ತು ವಾರೆ ಮಾಡಿ ನೋಡಿದಳು. ಏನೋ ಹೊಳೆಯಿತು. "ಅಮ್ಮಾ, ಬಿಳೀದೆಲ್ಲ ಓರೆಯಾಗಿ ನಿಂತಿರೋ ಒಂದು ಚೌಕ! ಮೂರು ಮೂರ್ಲಿ ಒಂಬತ್ತು. ಒಳಗೆ ಕೆಂಪಿಂದು ಇನ್ನೊಂದು ಚೌಕ, ಎರಡೆರಡ್ಲಿ ನಾಲ್ಕು. ಒಂಬತ್ತು, ನಾಲ್ಕು, ಹದಿಮೂರು!"

ನೀವೂ ಹಾಕಿ ನೋಡಿ, ಹಾಗೆಯೇ ಕಾಣುತ್ತದೆ. ಏಳರಿಂದ ಒಂದಕ್ಕೆ ಹಾಕಿದರೆ ಬಿಳಿ 4×4, ಕೆಂಪು 3×3, ಒಟ್ಟು 25. ಹದಿನೈದಕ್ಕೆ ಅವಳು ಎಣಿಸಲೇ ಇಲ್ಲ. "8×8 ಅಂದ್ರೆ 64, 7×7 ಅಂದ್ರೆ 49, ಒಟ್ಟು 113" ಎಂದು ಕೂಗಿದಳು. ಫೋನು ಹೇಳಿದ್ದೂ 113ನ್ನೇ, ಅದರಲ್ಲೇನೂ ಬದಲಾಗಲಿಲ್ಲ. ಆದರೆ ಫೋನು ಹೇಳಿದಾಗ ಆ 113 ಅದರದ್ದಾಗಿತ್ತು, ಈಗ ಇವಳದಾಯಿತು. ಇಪ್ಪತ್ತು ವರ್ಷದಿಂದ ಚುಕ್ಕಿ ಇಡುತ್ತಿದ್ದ ನನಗೂ ಆ ಎರಡು ಚೌಕ ಕಂಡದ್ದು ಅವತ್ತೇ. ರಾತ್ರಿ ಅವರಪ್ಪ ಬಂದಾಗ ಅವರನ್ನೂ ಬಿಡದೆ ಕೂರಿಸಿಕೊಂಡು ವಿವರಿಸಿದಳು. ನಾನ್ಯಾಕೆ ಕಲೀಬೇಕು ಎಂಬ ಪ್ರಶ್ನೆ ಆಮೇಲೆ ನಮ್ಮ ಮನೆಯಲ್ಲಿ ಏಳಲಿಲ್ಲ.

ಇಷ್ಟು ಓದಿ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕು ಎಂದು ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಟ್ಯೂಷನ್ನಿಗೆ ಸಾವಿರಾರು ರೂಪಾಯಿ ತೆರಲಾಗದ ಮನೆಗಳು ಎಷ್ಟಿಲ್ಲ? ಸಂಜೆ ಆರರ ಮೇಲೆ ಹೆಣ್ಣುಮಕ್ಕಳನ್ನು ದೂರದ ಟ್ಯೂಷನ್ನಿಗೆ ಕಳಿಸಲು ಹಿಂಜರಿಯುವ ತಾಯಂದಿರು ಎಷ್ಟಿಲ್ಲ? ಕ್ಲಾಸಿನಲ್ಲಿ ಎದ್ದು ನಿಂತು "ಅರ್ಥವಾಗಲಿಲ್ಲ" ಎನ್ನಲು ನಾಚುವ ಮಗು ಫೋನಿನ ಮುಂದೆ ಹತ್ತು ಸಲ ಕೇಳುತ್ತದೆ. ಯಾರೂ ನಗುವವರಿಲ್ಲ, ಯಾರೂ ಗದರುವವರಿಲ್ಲ. ಇದು ಸಣ್ಣ ಉಪಕಾರವಲ್ಲ.

ಇದನ್ನು ಒಳ್ಳೆಯ ದಾರಿಯಲ್ಲಿ ನಡೆಸಲು ಹೊರಟವರೂ ಇದ್ದಾರೆ. ಅಮೆರಿಕದಲ್ಲಿ ಸಲ್ಮಾನ್ ಖಾನ್ ಎಂಬವರೊಬ್ಬರಿದ್ದಾರೆ. ಸಿನಿಮಾದವರಲ್ಲ! 2004ರಲ್ಲಿ, ದೂರದ ಊರಿನಲ್ಲಿದ್ದ ನಾದಿಯಾ ಎಂಬ ತಮ್ಮ ಬಂಧುವಿನ ಹುಡುಗಿಗೆ ಗಣಿತ ಹತ್ತುತ್ತಿಲ್ಲವೆಂದು ಫೋನಿನಲ್ಲಿ ಪಾಠ ಹೇಳಿಕೊಡಲು ಶುರು ಮಾಡಿದರು. ಅದೇ ಬೆಳೆದು 2008ರಲ್ಲಿ ಖಾನ್ ಅಕಾಡೆಮಿ ಎಂಬ ಲಾಭವಿಲ್ಲದ ಸಂಸ್ಥೆಯಾಯಿತು. ಅದರ ಗಣಿತ ಪಾಠಗಳು ಕನ್ನಡದಲ್ಲೂ ಸಿಗುತ್ತವೆ. 2023ರ ಮಾರ್ಚ್‌ನಲ್ಲಿ ಅವರು ಖಾನ್‌ಮಿಗೋ ಎಂಬ ಎಐ ಉಪಾಧ್ಯಾಯನನ್ನು ತಂದರು. ಉತ್ತರ ಕೇಳಿದರೆ ಕೊಡದೆ "ಮೊದಲ ಹಂತ ಏನಿರಬಹುದು, ನೀನೇ ಹೇಳು" ಎಂಬಂತೆ ತಿರುಗಿ ಪ್ರಶ್ನೆ ಕೇಳುವ ಹಾಗೆ ಅದನ್ನು ರೂಪಿಸಿದ್ದಾರೆ. ಟರ್ಕಿಯ ಮೂರನೆಯ ಗುಂಪಿನ ದಾರಿಯೇ ಇದು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಶಿಕ್ಷಣ ಫೌಂಡೇಶನ್ ಎಂಬ ಸಂಸ್ಥೆ, ಮೈಕ್ರೋಸಾಫ್ಟ್‌ನ ಸಂಶೋಧಕರ ಜೊತೆ ಸೇರಿ, ಸರ್ಕಾರಿ ಶಾಲೆಯ ಉಪಾಧ್ಯಾಯರಿಗೆ ಪಾಠದ ಸಿದ್ಧತೆಯಲ್ಲಿ ನೆರವಾಗುವ ಎಐ ಸಾಧನವೊಂದನ್ನು 2023ರಲ್ಲಿ ಪ್ರಯೋಗಕ್ಕೆ ತಂದಿತು. ಬರವಣಿಗೆಯ ಹೊರೆ ಇಳಿದರೆ ಮೇಷ್ಟ್ರಿಗೆ ಮಕ್ಕಳ ಮುಖ ನೋಡಿ ಪಾಠ ಮಾಡಲು ಅಷ್ಟು ಹೊತ್ತು ಉಳಿಯುತ್ತದೆ.

ಹಾಗಾದರೆ ಮನೆಯಲ್ಲಿ ನಾವೇನು ಮಾಡಬಹುದು? ನಮ್ಮ ಮನೆಯಲ್ಲಿ ನಡೆಸಿದ ಕ್ರಮವನ್ನು ಹೇಳುತ್ತೇನೆ. ನಿಮಗೆ ಒಗ್ಗಿದರೆ ಇಟ್ಟುಕೊಳ್ಳಿ.

ಮೊದಲನೆಯದು, ಮುಂಚೆ ನೋಟ್‌ಬುಕ್ಕು, ಆಮೇಲೆ ಫೋನು. ಯಾವ ಲೆಕ್ಕವನ್ನಾದರೂ ಹತ್ತು ನಿಮಿಷ ತಾನೇ ಒದ್ದಾಡಬೇಕು. ತಪ್ಪಾದರೂ ಪರವಾಗಿಲ್ಲ, ಆದರೆ ಕಾಗದದ ಮೇಲೆ ಏನಾದರೂ ಇರಬೇಕು. ಆ ಚಿತ್ತುಕಾಟಿನ ಪುಟ ಕಂಡರೆ ನನಗೀಗ ಸಂತೋಷ.

ಎರಡನೆಯದು, ಫೋನಿಗೆ ಕೇಳುವ ಮಾತನ್ನೇ ಬದಲಿಸಬೇಕು. "ಈ ಲೆಕ್ಕ ಮಾಡಿಕೊಡು" ಎನ್ನುವ ಬದಲು "ಉತ್ತರ ಹೇಳಬೇಡ, ಒಂದು ಸುಳಿವು ಮಾತ್ರ ಕೊಡು" ಎಂದೋ "ನಾನು ಮಾಡಿದ್ದರಲ್ಲಿ ತಪ್ಪು ಎಲ್ಲಿದೆ ತೋರಿಸು" ಎಂದೋ ಕೇಳಬೇಕು. ಹೇಳಿದ ಹಾಗೆ ಕೇಳುತ್ತದೆ. ಮರೆತು ಉತ್ತರ ಹೇಳಲು ಹೊರಟರೆ ಇನ್ನೊಮ್ಮೆ ಹೇಳಬೇಕು, ಅಷ್ಟೇ.

ಮೂರನೆಯದು, ಫೋನಿನ ಸಹಾಯದಿಂದ ಬಿಡಿಸಿದ ಲೆಕ್ಕವನ್ನು, ಅಂಕಿ ಬದಲಿಸಿ, ಫೋನು ಮುಚ್ಚಿಟ್ಟು ಮತ್ತೊಮ್ಮೆ ಮಾಡಬೇಕು. ಬಂದರೆ ಕಲಿತಂತೆ, ಬಾರದಿದ್ದರೆ ಇನ್ನೂ ಕಲಿತಿಲ್ಲ ಎಂದು ಅಂದೇ ತಿಳಿಯುತ್ತದೆ. ಪರೀಕ್ಷೆಯ ದಿನ ತಿಳಿಯುವುದಕ್ಕಿಂತ ಇದು ಮೇಲಲ್ಲವೇ?

ನಾಲ್ಕನೆಯದು, ಉತ್ತರ ಯಾರೇ ಕೊಡಲಿ, ತಾಳೆ ನೋಡಬೇಕು. ಎರಡು ಸಂಖ್ಯೆ ಕೂಡಿದರೆ 10, ಗುಣಿಸಿದರೆ 21, ಆ ಸಂಖ್ಯೆಗಳು ಯಾವುವು ಎಂಬ ಲೆಕ್ಕ ಬಿಡಿಸಲು ವರ್ಗ ಸಮೀಕರಣ ಬೇಕು. ಆದರೆ 3 ಮತ್ತು 7 ಎಂದು ಉತ್ತರ ಬಂದ ಮೇಲೆ ಕೂಡಿ, ಗುಣಿಸಿ ನೋಡಲು ನನ್ನ ಎಸ್ಸೆಸ್ಸೆಲ್ಸಿಯೂ ಬೇಕಿಲ್ಲ, ತರಕಾರಿ ಲೆಕ್ಕ ಬಂದರೆ ಸಾಕು. ಫೋನನ್ನು ಕಣ್ಣುಮುಚ್ಚಿ ನಂಬದಿರುವ ಅಭ್ಯಾಸ ಗಣಿತಕ್ಕಷ್ಟೇ ಅಲ್ಲ, ಮುಂದೆ ಬದುಕಿಗೂ ಬೇಕಾಗುತ್ತದೆ.

ಐದನೆಯದು ನಮ್ಮ ಪಾಲಿನ ಕೆಲಸ. ದಿನಕ್ಕೆ ಒಂದು ಲೆಕ್ಕವನ್ನು ಮಗು ನಮಗೆ ಬಾಯಿಬಿಟ್ಟು ವಿವರಿಸಬೇಕು. ನಾನು ಸೊಪ್ಪು ಬಿಡಿಸುತ್ತಲೋ ರೊಟ್ಟಿ ತಟ್ಟುತ್ತಲೋ ಕೇಳಿಸಿಕೊಳ್ಳುತ್ತೇನೆ. "ಇಲ್ಲಿ ಎರಡರಿಂದ ಯಾಕೆ ಭಾಗಿಸಿದೆ?" ಎಂದೊಂದು ಪ್ರಶ್ನೆ ಹಾಕುತ್ತೇನೆ. ಎಷ್ಟೋ ಸಲ ವಿವರಿಸುತ್ತಿದ್ದ ಹಾಗೇ "ಅಯ್ಯೋ, ಇಲ್ಲಿ ತಪ್ಪಿದೆ" ಎಂದು ತಾನೇ ಓಡಿಹೋಗಿ ತಿದ್ದಿಕೊಳ್ಳುತ್ತಾಳೆ. ಕೆಲವು ಸಲ "ನಿಂಗೆ ಅರ್ಥ ಆಗಲ್ಲ ಬಿಡಮ್ಮ" ಎಂದು ರೇಗುವುದೂ ಉಂಟು. ರೇಗಲಿ ಬಿಡಿ. ನನಗೆ ಅರ್ಥವಾಗುವ ಹಾಗೆ ಹೇಳುವಷ್ಟರಲ್ಲಿ ಅವಳಿಗೆ ಅರ್ಥವಾಗಿರುತ್ತದೆ.

ಪವಾಡವೇನೂ ನಡೆಯಲಿಲ್ಲ. ಮುಂದಿನ ಕಿರುಪರೀಕ್ಷೆಯಲ್ಲಿ 20ಕ್ಕೆ 11 ಬಂತು, ಅದರ ಮುಂದಿನದರಲ್ಲಿ 14. ಹೋಂವರ್ಕ್ ಪುಸ್ತಕ ಮಾತ್ರ ಮೊದಲಿನಷ್ಟು ಚೆಂದವಾಗಿಲ್ಲ, ತುಂಬ ಕಾಟುಗಳಿವೆ. ಕೊನೆಗೆ 80 ಅಂಕದ ಪಬ್ಲಿಕ್ ಪರೀಕ್ಷೆಗೆ ಹೊರಟ ಬೆಳಿಗ್ಗೆ ಅವಳ ಕೈ ತಣ್ಣಗಿತ್ತು. ಆದರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದ ಭಯ ಕಣ್ಣಲ್ಲಿರಲಿಲ್ಲ. ಬಂದ ಅಂಕ ನಮ್ಮ ಮನೆಗೆ ಸಾಲುವಷ್ಟಿತ್ತು. ಈಗ ಪಿಯುಸಿಯಲ್ಲಿ ಗಣಿತವನ್ನೇ ತೆಗೆದುಕೊಂಡಿದ್ದಾಳೆ, ಯಾರೂ ಹೇಳದೆ.

ನಮ್ಮಲ್ಲಿ ಎಷ್ಟೋ ಜನ "ನನಗೆ ಲೆಕ್ಕ ಬರೋಲ್ಲ, ಮಗುವಿಗೆ ನಾನೇನು ಹೇಳಿಕೊಡಲಿ" ಎಂದು ದೂರ ನಿಲ್ಲುತ್ತೇವೆ. ಹಿಂದೆ ಆ ಮಾತಿಗೆ ಅರ್ಥವಿತ್ತೇನೋ. ಈಗ ಹೇಳಿಕೊಡಲು ಫೋನಿದೆ, ನಮಗಿಂತ ಸಾವಿರ ಪಾಲು ಚೆನ್ನಾಗಿ ಹೇಳಿಕೊಡುತ್ತದೆ. ಅದು ಮಾಡದ ಕೆಲಸ ಒಂದಿದೆ. ಮಗು ತಲೆಯಾಡಿಸಿದಾಗ ನಿಜವಾಗಿ ತಿಳಿಯಿತೋ ಇಲ್ಲವೋ ಎಂದು ಮುಖ ನೋಡಿ ಗುರುತು ಹಿಡಿಯುವುದು. ಹಸಿವನ್ನು, ಜ್ವರವನ್ನು, ಸುಳ್ಳನ್ನು ಮುಖದಲ್ಲೇ ಓದುವ ನಮಗೆ ಇದೇನು ಮಹಾ? ಪಕ್ಕದಲ್ಲಿ ಕೂತು "ಹೆಂಗೆ ಬಂತು, ಹೇಳು" ಎಂದು ಕೇಳಲು ಯಾವ ಡಿಗ್ರಿಯೂ ಬೇಡ.

ಇವತ್ತು ಸಂಜೆ ಅಡುಗೆಗೆ ಕೂಡುವ ಮುಂಚೆ ಒಂದು ಸಲ ಕೇಳಿ ನೋಡಿ. ಏನಂತೀರಿ?